ಕೆಂಪು ಗೆರೆ ಮುಟ್ಟಿದ ಮಕ್ಕಳು

ಮಾರ್ಚ್ 4

ಇವತ್ತೂ ಬೆಳಿಗ್ಗೆಯಿಂದ ಅಳತೆಯೇ. ಮಗು ಬರುತ್ತದೆ, ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತದೆ. ತಲೆ ಕೆಂಪು ಗೆರೆ ಮುಟ್ಟಿದರೆ ರೈಲಿಗೆ, ಇಲ್ಲದಿದ್ದರೆ ವಾಪಸ್. ಗೆರೆ ಇರುವುದು ನೂರಾ ಹತ್ತು ಸೆಂಟಿಮೀಟರಿಗೆ. ಅದಕ್ಕಿಂತ ಗಿಡ್ಡ ಮಕ್ಕಳಿಗೆ ಸೀಟಿನ ಕಂಬಿ ಬಿಗಿಯಾಗಿ ಕೂರುವುದಿಲ್ಲ, ಇಳಿಜಾರಿನಲ್ಲಿ ಜಾರಿಬಿಡಬಹುದು.

ಮೊದಲು ನಮ್ಮ ಪಾರ್ಕಿಗೆ ಕಾಲೇಜು ಹುಡುಗರೇ ಹೆಚ್ಚು. ಈಗ ಸಂಸಾರಸಮೇತ ಬರಬೇಕಂತೆ. ಅದಕ್ಕೇ ಹಿಂದಿನ ಖಾಲಿ ಜಾಗದಲ್ಲಿ ಈ ಏರಿಳಿಯುವ ರೈಲು. ಸದ್ಯ ಟ್ರಯಲ್. ಉದ್ಘಾಟನೆ ತಿಂಗಳ ಕೊನೆಗೆ.

ಐದು ಮಕ್ಕಳು ಅತ್ತು ವಾಪಸಾದವು. ಒಬ್ಬ ಅಜ್ಜಿ, "ನಿಂಗೇನು ಕರುಳಿಲ್ವೇನಮ್ಮ?" ಅಂದರು. ಉತ್ತರ ನಾಲಿಗೆ ತುದಿಗೆ ಬಂತು, ಅಲ್ಲೇ ಕೂತಿತು.

ಮಾರ್ಚ್ 9

ಕಂಬದ ಸುತ್ತ ನೀಲಿ ರಬ್ಬರ್ ಹಾಸು ಹಾಕಿದರು. ಮಕ್ಕಳು ಬಿದ್ದರೂ ಮೊಣಕಾಲು ತರಚಬಾರದೆಂದು. ನಿಂತು ನಿಂತು ನೋಯುವ ನನ್ನ ಕಾಲಿಗೂ ಸುಖ.

ಸಂಜೆ — ಇವತ್ತು ಒಂದು ಮಗುವೂ ಅಳಲಿಲ್ಲ. ಮ್ಯಾನೇಜರ್ ಸಾರ್ "ವೆರಿ ಗುಡ್" ಅಂದರು. ನನಗೆ!

ಮಾರ್ಚ್ 15

ಸಿಬ್ಬಂದಿ ಮನೆಯವರಿಗೆ ಫ್ರೀ. ಅಕ್ಕ ಮಗಳನ್ನು ಕರೆತಂದಳು. ಮರಿ ಗೆರೆ ಮುಟ್ಟಿದಳು, ಒಂದು ಬೆರಳು ಹೆಚ್ಚೇ.

"ನೋಡೇ, ನನ್ನ ಕೈಯಡುಗೆ!" ಅಂದಳು ಅಕ್ಕ.

"ಹಂಗಾದ್ರೆ ನೀನ್ಯಾಕಮ್ಮ ಇಷ್ಟೇ ಉಳ್ಕೊಂಡೆ?" ಅಂದರು ಮೆಕ್ಯಾನಿಕ್ ಗ್ರೀಸ್ ಮಾಮ.

ಮರಿ ಹತ್ತಿ ಹೋಗಿಬಂದಳು. "ಚಿಕ್ಕೀ, ಇಳಿಯೋವಾಗ ಕಂಬಿ ಕೆಳಗಿಂದ ಜಾರ್ತಾ ಇದ್ದೆ. ಎಷ್ಟು ಮಜಾ ಗೊತ್ತಾ!"

ಹೋದ ವಾರ ತಾನೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದಿದ್ದೆ. ನೂರಾ ಏಳು. ವಾರದಲ್ಲಿ ಯಾವ ಮಗು ಇಷ್ಟು ಬೆಳೆಯುತ್ತದೆ...

ಮಾರ್ಚ್ 16

ಗೇಟು ತೆರೆಯುವ ಮುಂಚೆ ಹೋಗಿ ಹಾಸಿನ ಅಂಚು ಎತ್ತಿದೆ. ಮೂರು ಬೆರಳು ದಪ್ಪ. ಕಂಬ ಮಾತ್ರ ಹಳೇ ನೆಲದಲ್ಲೇ. ಹಾಸಿನ ಮೇಲೆ ನಿಂತವರೆಲ್ಲ ಮೂರು ಬೆರಳು ಎತ್ತರ!

ಮ್ಯಾನೇಜರ್ ರೂಮಿಗೆ ಹೋದೆ. ಗೋಡೆ ತುಂಬ ನಕ್ಷೆ. ಇಬ್ಬರು ಇಂಜಿನಿಯರ್‌ಗಳು. ನಾನು ಓದಿದ್ದು ನಾಲ್ಕನೇ ಕ್ಲಾಸು.

"ಏನಮ್ಮ?"

"ನಲ್ಲೀಲಿ ನೀರು ಬರ್ತಿಲ್ಲ ಸಾರ್."

ನೀರು ಬರುತ್ತಿತ್ತು.

ಮಾರ್ಚ್ 22

ಗೆರೆಯ ಮೇಲೆ ಮೂರು ಬೆರಳು ಅಡ್ಡ ಇಡುತ್ತೇನೆ, ಯಾರಿಗೂ ಕಾಣದ ಹಾಗೆ. ತಲೆ ಅದನ್ನೂ ದಾಟಿದರೆ ಮಾತ್ರ ಒಳಗೆ. ಇವತ್ತು ಒಬ್ಬ ತಂದೆ ಜಗಳಕ್ಕೇ ನಿಂತರು. "ಕಣ್ಣು ಕಾಣಲ್ವಾ? ಮುಟ್ಟಿದಾನಲ್ಲ!" ದೂರು ಹೋಯಿತು.

"ಮೊದಲು ಚೆನ್ನಾಗೇ ಮಾಡ್ತಿದ್ದೆ," ಅಂದರು ಸಾರ್. "ಇನ್ನೊಂದು ದೂರು ಬಂದ್ರೆ ಆ ಜಾಗಕ್ಕೆ ಬೇರೆಯವರನ್ನ ಹಾಕ್ತೀನಿ."

ಬೇರೆಯವರು ಬಂದರೆ ಬೆರಳು ಇಡುವವರು ಯಾರು? ಹೇಳಲು ಬಾಯಿ ತೆರೆದೆ. ಫೋನ್ ಬಂತು ಅವರಿಗೆ.

ಮಾರ್ಚ್ 30

ಉದ್ಘಾಟನೆ. ಮೊದಲ ಸವಾರಿ ಮಾಲೀಕರ ಮೊಮ್ಮಗಳದು. ಗೆರೆ ಮುಟ್ಟಿದಳು. ಬೆರಳು ಇಟ್ಟೆ — ಅದನ್ನು ದಾಟಲಿಲ್ಲ.

"ಬಿಡಮ್ಮ," ಅಂದರು ಮ್ಯಾನೇಜರ್ ಸಾರ್, ನಗುತ್ತಲೇ, ಹಲ್ಲು ಕಚ್ಚಿ.

"ಆಗಲ್ಲ ಸಾರ್."

ಎಲ್ಲರ ಕಣ್ಣೂ ನನ್ನ ಮೇಲೆ. ಕುಕ್ಕರುಗಾಲಲ್ಲಿ ಕೂತು ಹಾಸಿನ ಅಂಚು ಎತ್ತಿ ಹಿಡಿದೆ. "ಬೆಳೆದಿರೋದು ನೆಲ ಸಾರ್. ಮಕ್ಕಳಲ್ಲ."

ಮಾಲೀಕರು ಬಗ್ಗಿ ನೋಡಿದರು. ಮೊಮ್ಮಗಳನ್ನು ಹತ್ತಿರ ಎಳೆದುಕೊಂಡರು. ರೈಲು ಖಾಲಿ ನಿಂತಿತು.

ಮಾರ್ಚ್ 31

ಗ್ರೀಸ್ ಮಾಮ ಕಂಬ ಎತ್ತರಿಸುತ್ತಿದ್ದಾರೆ. "ನಮ್ಮ ಮೂಕಿ ಮಾತಾಡಿದ್ಳು, ಮಾಲೀಕರೇ ಮೂಕರಾದ್ರು!" ಅಂತ ಹೋಗಿಬರುವವರಿಗೆಲ್ಲ ಹೇಳುತ್ತಾರೆ.

ಮಧ್ಯಾಹ್ನ ಸಾರ್ ಕರೆದರು. ಬೈಯಲಿಲ್ಲ. ಕುರ್ಚಿ ತೋರಿಸಿದರು.

"ಯಾವತ್ತಿಂದ ಗೊತ್ತಿತ್ತು ನಿಂಗೆ?"

"ಹದಿನಾರರಿಂದ ಸಾರ್."

"ಅವತ್ತಿಂದ ಎಲ್ಲರನ್ನೂ ಬೆರಳಿಟ್ಟು ನೋಡೇ ಒಳಗೆ ಬಿಟ್ಯಾ?"

ಹೂಂ ಅಂದೆ.

ಊಟದ ಹೊತ್ತಿಗೆ ನನ್ನ ಜಾಗದಲ್ಲಿ ಟಿಕೆಟ್ ಕೌಂಟರಿನವಳು ನಿಲ್ಲುತ್ತಿದ್ದಳು. ದಿನಾ ಅರ್ಧ ಗಂಟೆ. ಅವಳಿಗೆ ಬೆರಳಿನ ವಿಷಯ ಹೇಳಿರಲಿಲ್ಲ. ಅವಳಿಗೂ ಹೇಳಲಾಗಲಿಲ್ಲ ನನಗೆ. ಆ ಅರ್ಧ ಗಂಟೆಗಳಲ್ಲಿ ಎಷ್ಟು ಮಕ್ಕಳು —