ಟೇಬಲ್ಲಿನ ಕಾಲು ಕತ್ತರಿಸಿದ್ದು

ನಮ್ಮ ಮನೆ, ನಡುಕೋಣೆಯ ಕಿಟಕಿ ಪಕ್ಕ
ಮಾರ್ಚ್ ೧೨, ಭಾನುವಾರ

ಸಮುದ್ರದ ಮೇಲಿರುವ ನನ್ನವರೇ,

ಹೇಗಿದ್ದೀರಿ? ಎಂಜಿನ್ ಕೋಣೆಯ ಸೆಕೆಗೆ ಮೈಮೇಲೆ ಎದ್ದಿದ್ದ ಬೊಕ್ಕೆಗಳು ವಾಸಿಯಾದವೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ, ಇಲ್ಲಾ ಯಂತ್ರಕ್ಕೆ ಎಣ್ಣೆ ಉಣಿಸಿ ನೀವು ಬಿಸ್ಕತ್ತು ತಿಂದು ಮಲಗುತ್ತಿದ್ದೀರಾ? ನಾನು ಚೆನ್ನಾಗಿದ್ದೇನೆ. ಇದು ಕಾಗದದ ಮರ್ಯಾದೆಗೆ ಬರೆದ ಮಾತಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಅರ್ಧ ಮಾತು ಸಮುದ್ರದ ಪಾಲಾಗುತ್ತದೆ, ಉಳಿದರ್ಧ ನಮ್ಮ ಮಗಳು ಗುಬ್ಬಿಯ ಪಾಲು. ಅದಕ್ಕೇ ಬರೆಯಲು ಕೂತೆ.

ನೀವು ಹಡಗು ಹತ್ತುವಾಗ ನಾನು ಗೋಡೆ ಹಿಡಿದು ನಡೆಯುತ್ತಿದ್ದೆ. ಈ ನರದ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಇಬ್ಬರೂ ಕೇಳಿದ್ದೆವು, ಕೇಳಿಯೂ ಕೇಳದವರ ಹಾಗೆ ಇದ್ದೆವು. "ಕೋಲು ಹಿಡಿಯೋ ವಯಸ್ಸಾ ನಿಂದು?" ಅಂದಿರಿ. ನನಗೂ ಅದೇ ಬೇಕಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಕೋಲನ್ನು ಬಾಗಿಲ ಹಿಂದೆ ನಿಲ್ಲಿಸಿ ಮರೆತೆ. ಅಷ್ಟರಲ್ಲಿ ಗುಬ್ಬಿಯ ಶಾಲೆಯಲ್ಲಿ ನಾಟಕ ಬಂತು. ಅವಳದು ಮರದ ಪಾತ್ರ, ಮಾತೇ ಇಲ್ಲ, ಆದರೂ ತಿಂಗಳಿಡೀ ಅಭ್ಯಾಸ! ಗೇಟಿನಿಂದ ಸಭಾಂಗಣ ದೂರವೆಂದು ನಾನು ಹೋಗಲಿಲ್ಲ. ವಾಪಸು ಬಂದವಳು ಮುಖದ ಹಸಿರು ಬಣ್ಣವನ್ನೂ ತೊಳೆಯದೆ ಕೇಳಿದಳು: "ಅಮ್ಮಾ, ನಿಂಗೆ ಕಾಲು ನೋವಾ, ನಾಚಿಕೆನಾ?" ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತೆ.

ಮರುದಿನವೇ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಅಕ್ಕನ ಬಳಿ ಹೋದೆ. ಕೋಲು, ಗಾಲಿಕುರ್ಚಿ ಎಲ್ಲ ಬಳಸಿದರೆ ಕಾಯಿಲೆಗೆ ಸೋತ ಹಾಗಲ್ಲವೇ ಎಂದಿದ್ದಕ್ಕೆ ಆಕೆ ನಕ್ಕುಬಿಟ್ಟರು. "ನೀವು ಬಟ್ಟೆ ಕತ್ತರಿಸೋರು. ಹಲ್ಲಲ್ಲಿ ಹರೀತೀರೋ, ಕತ್ತರಿ ಹಿಡೀತೀರೋ?" ಈಗ ಮನೆಯೊಳಗೆ ಕೋಲು, ದೂರ ಹೋಗಲು ಗಾಲಿಕುರ್ಚಿ. ಮೊದಮೊದಲು ಬಾಗಿಲ ಚೌಕಟ್ಟಿಗೆ ಬೆರಳು ಜಜ್ಜಿಕೊಂಡು ಕುರ್ಚಿಗೂ ಬಾಗಿಲಿಗೂ ಸೇರಿಸಿ ಬೈದೆ. ಎದುರುಮನೆಯಾಕೆ, "ನಿನ್ನೆ ನಡೀತಿದ್ರಲ್ಲ, ಇವತ್ತೇನು ಗಾಡಿ?" ಎಂದು ಹುಬ್ಬೇರಿಸಿದರು. "ನಿನ್ನೆ ಕಾಲು ಮಾತು ಕೇಳ್ತು, ಇವತ್ತು ಕೇಳ್ತಿಲ್ಲ" ಅಂದೆ. ಅತ್ತೆ ಮೊದಲ ದಿನ ಸೆರಗಿನಿಂದ ಕಣ್ಣೊರೆಸಿಕೊಂಡರು. ಈಗ ಪೇಟೆಗೆ ಹೋದರೆ ತರಕಾರಿ ಚೀಲವನ್ನೆಲ್ಲ ನನ್ನ ಮಡಿಲಿಗೆ ಹೇರಿ ಕೈಬೀಸಿಕೊಂಡು ಮುಂದೆ ನಡೆಯುತ್ತಾರೆ, ನಿಮ್ಮ ತಾಯಿ!

ಕಷ್ಟವಾಗಿದ್ದು ಹೊಲಿಗೆ ಕಾರ್ಖಾನೆಯ ಕೆಲಸದಲ್ಲಿ. ನಿಂತು ಬಟ್ಟೆ ಕತ್ತರಿಸುವ ಟೇಬಲ್ಲು ಕುರ್ಚಿಯಲ್ಲಿ ಕೂತವಳ ಗಲ್ಲಕ್ಕೆ ಬರುತ್ತದೆ. ಕಾರ್ಖಾನೆಯ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ, "ಮನೇಲಿ ಆರಾಮಾಗಿರಮ್ಮ" ಅಂದರು. ನಾನು ಬಿಡಲಿಲ್ಲ. "ಸಾರ್, ನನ್ನ ಕಾಲನ್ನ ಏನೂ ಮಾಡೋಕಾಗಲ್ಲ. ಟೇಬಲ್ ಕಾಲು ಕತ್ತರಿಸಬಹುದಲ್ಲ?" ಅಷ್ಟೂ ಹೊಲಿಗೆ ಯಂತ್ರಗಳು ಗಪ್ಪನೆ ನಿಂತವು. ಯಾರೋ ಕಿಸಕ್ಕನೆ ನಕ್ಕರು, ತಡೆಯಲಾರದೆ ಯಜಮಾನರೂ ನಕ್ಕರು. ಬಡಗಿ ಬಂದು ಗರಗಸ ಹಾಕಿದ. ಕಿಟಕಿ ಬದಿಯ ಆ ಗಿಡ್ಡ ಟೇಬಲ್ಲು ಈಗ ನನ್ನದು. ಸಮವಸ್ತ್ರದ ದೊಡ್ಡ ಆರ್ಡರು ನನ್ನ ಕೈಯಲ್ಲೇ ಮುಗಿಯಿತು. ಸಂಜೆ ಮನೆಗೆ ಬಂದ ಮೇಲೂ ಗುಬ್ಬಿಯೊಂದಿಗೆ ಆಡುವಷ್ಟು ಕಸುವು ಉಳಿದಿರುತ್ತದೆ ಗೊತ್ತಾ? ಮುಂಚೆ ಅದೆಲ್ಲ ಬರೀ ನಿಲ್ಲುವುದಕ್ಕೇ ಖರ್ಚಾಗುತ್ತಿತ್ತು. ಒಮ್ಮೊಮ್ಮೆ ಅಳು ಬರುತ್ತದೆ, ಇಲ್ಲವೆನ್ನುವುದಿಲ್ಲ. ಅಳುತ್ತೇನೆ, ಮೂಗೊರೆಸಿಕೊಂಡು ಬ್ರೇಕು ಬಿಟ್ಟು ಹೊರಡುತ್ತೇನೆ.

ಅತ್ತೆಯ ಆಶೀರ್ವಾದವೂ ಗುಬ್ಬಿಯ ಮುತ್ತುಗಳೂ ಈ ಕಾಗದದೊಳಗಿವೆ. ನನ್ನದನ್ನು ನೀವು ಬಂದ ಮೇಲೆ ಕೊಡುತ್ತೇನೆ.

ಇಂತಿ,
ನಿಮ್ಮವಳು

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ನೀವು ಬರುವ ದಿನ ಬಂದರಿಗೆ ನಾನೇ ಬರುತ್ತೇನೆ. ಜನರ ತಲೆಗಳ ನಡುವೆ ನನ್ನನ್ನು ಹುಡುಕಿ ಗಾಬರಿಯಾಗಬೇಡಿ, ಕಣ್ಣು ತುಸು ಕೆಳಗಿಳಿಸಿ. ಹಿಂದೆ ನಿಂತು ತಳ್ಳಲು ಹೋಗಬೇಡಿ, ಪಕ್ಕದಲ್ಲಿ ನಡೆಯಿರಿ. ಬಂದರಿನ ಇಳಿಜಾರು ಬಂದಾಗ ಮಾತ್ರ ನನ್ನ ಸಮಕ್ಕೆ ಬರಲು ನೀವು ಸ್ವಲ್ಪ ಓಡಬೇಕಾದೀತು.