ಮುಳುಗಿ ಸತ್ತ ನೀರುನಾಯಿ

ಮಾರ್ಚ್ ೧೨, ಗುರುವಾರ

ಪ್ರೀತಿಯ ಮಗಳಿಗೆ,

ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಮನಸಾರೆ ಬೈದುಕೋ, ತಪ್ಪು ನನ್ನದೇ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿನ್ನ ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಆ ಶಕ್ತಿಯೆಲ್ಲ ಈಗ ನಾಲಿಗೆಗೆ ಬಂದಿದೆ. "ಮನೇಲಿ ಒಂದು ಲೋಟ ಎತ್ತಿಡಲ್ಲ, ಅಲ್ಲಿ ಹೋಗಿ ಡಬ್ಬ ಬಡೀತಾರೆ" ಎಂದು ಬಂದವರಿಗೆಲ್ಲ ನನ್ನ ಉದ್ಯೋಗವನ್ನು ವರ್ಣಿಸುತ್ತಾಳೆ.

ಅವಳು ಹೇಳುವುದು ನಿಜವೇ. ಈ ನದಿಯಲ್ಲಿ ನೀರುನಾಯಿಗಳು ಕಣ್ಮರೆಯಾಗಿ ಮೂವತ್ತು ವರ್ಷವಾದ ಮೇಲೆ ನಮ್ಮ ಕೇಂದ್ರದಲ್ಲಿ ಏಳು ಮರಿಗಳನ್ನು ಬೆಳೆಸಿ ನದಿಗೆ ಬಿಟ್ಟೆವಲ್ಲ, ಅವಕ್ಕೆ ಊಟ ಕೊಡುವವರು ಗೋಣಿಯ ಪರದೆಯ ಹಿಂದೆ ಅಡಗಿ ಮೀನು ಜಾರಿಸುತ್ತಿದ್ದರು. ಮರಿಗಳಿಗೆ ಕಾಣುತ್ತಿದ್ದ ಮನುಷ್ಯನ ಮುಖ ನನ್ನದೊಂದೇ. ನಾನು ತಗಡಿನ ಡಬ್ಬ ಬಡಿದು, ನೀರೆರಚಿ, ಗದರಿಸಿ ಓಡಿಸಬೇಕು. ಮನುಷ್ಯರನ್ನು ಕಂಡರೆ ಹೆದರಿದರೆ ಮಾತ್ರ ಅವು ಹೊರಗೆ ಬದುಕಿಯಾವು. ಹನ್ನೊಂದು ತಿಂಗಳು ಅದೇ ಕೆಲಸ ಮಾಡಿದೆ. ಮೂಗಿನ ಮೇಲೆ ಬಿಳಿ ಮಚ್ಚೆಯಿದ್ದ ಹೆಣ್ಣು ಮರಿಯೊಂದು ನನ್ನ ನೆರಳು ಕಂಡರೇ ನೀರಿಗೆ ಬೀಳುತ್ತಿತ್ತು. ಎತ್ತಿ ಮುದ್ದಾಡಬೇಕೆನಿಸಿದಾಗಲೆಲ್ಲ ಇನ್ನೂ ಜೋರಾಗಿ ಬಡಿಯುತ್ತಿದ್ದೆ.

ಹೋದ ವಾರ ಮಂಗಳವಾರ ಅದೇ ಮರಿ, ಈಗ ಬೆಳೆದು ದೊಡ್ಡದಾಗಿತ್ತು, ನದಿಯಂಚಿನ ಜೊಂಡಿನಲ್ಲಿ ಸತ್ತು ಬಿದ್ದಿತ್ತು. ಮೊದಲು ನೋಡಿದವನು ನಾನೇ. ಕತ್ತಿನ ಸುತ್ತ ತಂತಿಯ ಉರುಳು ಕುಯ್ದ ಗಾಯ, ಬೆರಳು ಹೋಗುವಷ್ಟು ಆಳ. ರಕ್ತದ ಜಾಡು ಹಿಡಿದು ಹೋದರೆ ಹತ್ತಿರದ ಮೀನಿನ ಕೊಳದ ದಂಡೆ. ಮನುಷ್ಯನಿಗೆ ಹೆದರುವುದನ್ನು ಕಲಿಸಿದ್ದೆವು. ಮನುಷ್ಯ ಕಟ್ಟಿಟ್ಟು ಹೊರಟುಹೋದ ತಂತಿಗೆ ಹೆದರುವುದನ್ನೂ ಕಲಿಸಬೇಕೆಂದು ಅಷ್ಟು ಜನ ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಕೊಳದವರ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ, ಮಗಳೇ. ಸಾಕಿದ ಮೀನನ್ನು ಬೆಳಗಾಗುವಷ್ಟರಲ್ಲಿ ಅರ್ಧ ತಿಂದು ಅರ್ಧ ಬಿಸಾಕಿ ಹೋದರೆ ಯಾರ ಹೊಟ್ಟೆ ಉರಿಯುವುದಿಲ್ಲ? ಅದಕ್ಕೇ ಕೊಳಗಳ ಸುತ್ತ ಜಾಲರಿ ಹಾಕಿಸಿಕೊಡುತ್ತೇವೆಂದು ನಮ್ಮ ಡೈರೆಕ್ಟರು ಮಾತು ಕೊಟ್ಟಿದ್ದರು. ಜಾಲರಿ ಬಂತು ಕೂಡ. ಆ ಸುರುಳಿಗಳನ್ನೆಲ್ಲ ಬಿಡಿಸಿ, ಬಿಡುಗಡೆ ಸಮಾರಂಭದ ದಿನ ದೊಡ್ಡವರು ಕಾರು ನಿಲ್ಲಿಸುವ ಜಾಗಕ್ಕೆ ಬೇಲಿ ಕಟ್ಟಿಸಿದರು! ಇವತ್ತಿಗೂ ಅಲ್ಲೇ ಇದೆ. ಯಾವ ನೀರುನಾಯಿ ಇವರ ಕಾರು ತಿನ್ನಲು ಬರುತ್ತಿತ್ತೋ ದೇವರೇ ಬಲ್ಲ.

ಹೆಣ ಸಿಕ್ಕ ಮರುದಿನ ಡೈರೆಕ್ಟರು ಕೋಣೆಗೆ ಕರೆಸಿದರು. ಮೊದಲು ನೋಡಿದವನ ಹೇಳಿಕೆಯಿಲ್ಲದೆ ವರದಿ ಮುಂದೆ ಹೋಗುವುದಿಲ್ಲವಲ್ಲ. ಆ ಹೇಳಿಕೆಯನ್ನು ಅವರೇ ಟೈಪ್ ಮಾಡಿಸಿಟ್ಟಿದ್ದರು. ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಸಾವು. ನೀರುನಾಯಿ, ನೀರಿನಲ್ಲಿ ಮುಳುಗಿ!

"ಸಾರ್, ಇದನ್ನ ಓದಿದ್ರೆ ಸತ್ತಿರೋ ನೀರುನಾಯಿನೇ ಎದ್ದು ನಗುತ್ತೆ" ಎಂದೆ.

"ನಗಲಿ ಬಿಡ್ರಿ. ಕೊಂದಿದ್ದಾರೆ ಅಂತ ಬರೆದ್ರೆ ಕೇಸ್ ಆಗುತ್ತೆ, ಕೊಳದವರೆಲ್ಲ ತಿರುಗಿ ಬೀಳ್ತಾರೆ. ಉಳಿದಿರೋ ಆರನ್ನೂ ವಾಪಸ್ ಹಿಡ್ಕೊಂಡು ಬನ್ನಿ ಅಂತ ಮೇಲಿಂದ ಆರ್ಡರ್ ಬರುತ್ತೆ. ನೀವೇ ಯೋಚನೆ ಮಾಡಿ" ಎಂದರು.

"ಬರೀದಿದ್ರೆ ಆ ಆರಕ್ಕೂ ಇದೇ ಗತಿ ಸಾರ್. ಉರುಳು ಇನ್ನೂ ಆ ಕೊಳದ ದಂಡೇಲೇ ಇದೆ."

"ಸೋಮವಾರದವರೆಗೆ ಟೈಮ್ ಇದೆ" ಎಂದು ಕಾಗದವನ್ನು ನನ್ನ ಕಡೆ ತಳ್ಳಿದರು.

ಮನೆಗೆ ಬಂದು ಕೂಗಾಡಿದೆ. ಸಮಾರಂಭದ ದಿನ ಪಂಜರದ ಬಾಗಿಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳಲು ಆ ದೊಡ್ಡವರೆಲ್ಲ ಹೇಗೆ ನೂಕಾಡಿದ್ದರು ಗೊತ್ತೇ? ಹೆಣ ಎತ್ತಲು ಒಬ್ಬನೂ ಬರಲಿಲ್ಲ. ನಾನೇ ಹೆಗಲ ಮೇಲೆ ಹೊತ್ತು ತಂದೆ. ಕೈ ಕಡಿದರೂ ಈ ಸುಳ್ಳಿಗೆ ರುಜು ಹಾಕುವುದಿಲ್ಲ ಎಂದೆ. ಮದುವೆಯಾದಾಗಿನಿಂದ ಮೊದಲ ಸಲ ನಿನ್ನ ಅಮ್ಮ ನನ್ನ ಮಾತಿಗೆ ಎದುರಾಡಲಿಲ್ಲ. "ಹಾಕ್ಬೇಡಿ" ಅಂದಳು, ಅಷ್ಟೇ.

ಸಿಟ್ಟಿನಲ್ಲಿ ಅಕ್ಷರ ಸೊಟ್ಟಪಟ್ಟ ಆಗಿದೆ, ಹೇಗೋ ಓದಿಕೋ. ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಹೊತ್ತು ಹೊತ್ತಿಗೆ ಊಟ ಮಾಡು. ನೀನಿರುವ ಮನೆಯಲ್ಲಿ ನಗು ತುಂಬಿರಲಿ.

ಇಂತಿ ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಡಿಸಿದೆ. ಸೋಮವಾರ ರುಜು ಹಾಕಿಬಿಟ್ಟೆ. ಆ ಕೊಳ ನಿನ್ನ ಮಾವನವರು ಹೋದ ವರ್ಷ ಇಲ್ಲಿ ಕೊಂಡದ್ದೇ. ಭಾನುವಾರ ನಿನ್ನ ಅಮ್ಮ ಹೊರಗೆ ಹೋಗಿದ್ದಾಗ ಅವರೇ ಮನೆಗೆ ಬಂದಿದ್ದರು. ಉರುಳು ಕಟ್ಟಿದ್ದು ತಾವೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ದನಿ ಏರಿಸಲಿಲ್ಲ. ನೀರು ಕೇಳಿ ಕುಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಬೀಗರೇ, ನಿಮ್ಮ ಮಗಳು ನಮ್ಮನೇಲಿ ಸುಖವಾಗಿದ್ದಾಳೆ. ಮುಂದೂ ಹಾಗೇ ಇರ್ಲಿ ಅಂತ ನಮಗೂ ಆಸೆ" ಎಂದರು. ನಿನ್ನ ಅಮ್ಮನಿಗೆ ಇದ್ಯಾವುದನ್ನೂ ಹೇಳಿಲ್ಲ. ಮಗಳೇ, ಅಲ್ಲಿ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ? ನಿನ್ನ ಕಾಗದಗಳಲ್ಲಿ ಅದೊಂದು ಬಿಟ್ಟು ಉಳಿದದ್ದೆಲ್ಲ ಇರುತ್ತದೆ.