ನಾಲ್ಕನೇ ಚೂರು

ಮಾರ್ಚ್ 3, ಮಂಗಳವಾರ
ಬೆಳಿಗ್ಗೆ ಬಿಪಿ ಮಾತ್ರೆ. ಆಮೇಲೆ ವಿಹಾರದ ಕಮಿಟಿ ಮೀಟಿಂಗು. ಮಾತ್ರೆ ದಂಡ.
ಬುದ್ಧ ವಿಹಾರದ ಅಂಗಳಕ್ಕೆ ಮೂವತ್ತು ಮರದ ಬೆಂಚು ಬೇಕು. ಕಾರ್ಯದರ್ಶಿ ಮಧುಕುಮಾರ್ ಮೊಬೈಲ್‌ನಲ್ಲಿ ಫೋಟೊ ತೋರಿಸಿ, ಆರ್ಡರ್ ಮಾಡಿಬಿಡೋಣ ಅಂದ. ಕಾಲೇಜಿನಲ್ಲಿ ಪಾಠ ಹೇಳುವವನು! ಫೋಟೊ ನೋಡಿ ತರಿಸಿದ ಸೀರೆ ನಿನ್ನ ಹೆಂಡತಿ ಎಷ್ಟು ವಾಪಸು ಕಳಿಸಿದ್ದಾಳೆ ಅಂತ ಕೇಳಿದೆ. ಎಲ್ಲರೂ ನಕ್ಕರು. ಅವನು ನಗಲಿಲ್ಲ.
ಪಾಲಿಶ್ ಸ್ಯಾಂಪಲ್ ಕೈಯಲ್ಲಿ ಹಿಡಿದು ನೋಡದೆ ಸೈನ್ ಹಾಕುವುದಿಲ್ಲ ಅಂದೆ. ನಾಲ್ಕನೇ ಕ್ಲಾಸಿಗೇ ಬಿಟ್ಟವನು, ಆದರೆ ಅಧ್ಯಕ್ಷ ನಾನು.

ಮಾರ್ಚ್ 11
ಸ್ಯಾಂಪಲ್ ಇಲ್ಲ. ಬೆಂಗಳೂರಿನ ಬೆಂಚು ಕಂಪನಿಗೆ ನಾನೇ ಫೋನ್ ಮಾಡಿದೆ. ಆ ಹುಡುಗಿ ಬಣ್ಣಗಳ ಹೆಸರು ಇಂಗ್ಲಿಷಿನಲ್ಲಿ ಓದಿದಳು. ಹೆಸರಿನ ಮೇಲೆ ಕೂರುತ್ತಾರೇನಮ್ಮ ಅಂದೆ. ಜೇನುತುಪ್ಪದ ಬಣ್ಣ, ಒಳಗಿನ ಗೆರೆ ಕಾಣಬೇಕು — ಅದು ಬೇಕು, ಜೊತೆಗೆ ಬೇರೆ ಇರುವುದನ್ನೂ ಕಳಿಸು ಅಂದೆ.
ಗಂಡಸಿ ಕಡೆಯ ನಮ್ಮೂರಿನಲ್ಲಿ ಗೌಡರ ಜಗಲಿಯ ಬೆಂಚು ಅದೇ ಬಣ್ಣ. ಅಪ್ಪ ಹೆಗಲ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡು ಅದರ ಮುಂದೆ ನಿಲ್ಲುತ್ತಿದ್ದ. ದೊಡ್ಡವನಾದ ಮೇಲೆ ನಾನೂ. ರೈಲ್ವೆ ಗ್ಯಾಂಗ್‌ನಲ್ಲಿ ಕೆಲಸ ಸಿಕ್ಕಿ ಅರಸೀಕೆರೆಗೆ ಬರುವವರೆಗೂ.
ಅದೇ ಬಣ್ಣ. ಒಂದಲ್ಲ, ಮೂವತ್ತು. ಹೆಂಡತಿ ರುದ್ರಮ್ಮನಿಗೆ ಮಂಡಿ ಬಗ್ಗುವುದಿಲ್ಲ, ಚಾಪೆಯ ಮೇಲೆ ಕೂರಲಾರಳು, ಪೂರ್ಣಿಮೆ ಬಂದರೆ ವಿಹಾರದ ಗೋಡೆಗೆ ಒರಗಿ ನಿಲ್ಲುತ್ತಾಳೆ. ಈ ಸಲ ಅದರ ಮೇಲೆ ಕೂರಲಿ.
ಮಧುಗೆ ಇದನ್ನೆಲ್ಲ ಹೇಳಿಲ್ಲ. ಹೇಳಿದರೆ ಭಾಷಣ ಮಾಡುತ್ತಾನೆ.

ಮಾರ್ಚ್ 19
ಬಂತು. ಅಂಗೈ ಅಗಲದ ನಾಲ್ಕು ಮರದ ಚೂರು. ಒಂದು ಸಗಣಿ ಬಣ್ಣ. ಒಂದು ಕರಿ. ಒಂದು ಬಣ್ಣವೇ ಇಲ್ಲದ ಬಿಳಚು. ನಾಲ್ಕನೆಯದು... ಅದೇ.
ತಾರಸಿಯಲ್ಲಿ ಬಿಸಿಲಿಗಿಟ್ಟೆ. ಬಣ್ಣ ಮಾಸುತ್ತದೋ ನೋಡಲು ನೀರು ಹಾಕಿದೆ, ಇನ್ನು ದಿನಾ ಹಾಕಬೇಕು. ಸಸಿ ನೆಟ್ಟವರ ಹಾಗೆ ಅಂತ ರುದ್ರಮ್ಮ ಆಡಿಕೊಂಡಳು.

ಮಾರ್ಚ್ 27, ಸಂಜೆ
ಯಾವುದೂ ಮಾಸಿಲ್ಲ. ರುದ್ರಮ್ಮನ ಮುಂದಿಟ್ಟೆ. ಮೂರನ್ನು ಎತ್ತಿ ನೋಡಿದಳು, ನಾಲ್ಕನೆಯದನ್ನು ಮುಟ್ಟಲಿಲ್ಲ. ಅದಕ್ಕೇನಾಗಿದೆ ಅಂದೆ.
"ಅದು ಗೌಡ್ರ ಜಗ್ಲೀದು."
ಇವಳು ಮದುವೆಯಾಗಿ ಬಂದ ಮಾರನೇ ವಾರದಿಂದ ಆ ಅಂಗಳ ಗುಡಿಸಿದವಳು. ಅದಕ್ಕೇ ಕಣೇ ತರಿಸಿದ್ದು ಅಂದೆ.
"ಹಂಗಾದ್ರೆ ನೀವೇ ಕೂತ್ಕಳಿ. ಆ ಬಣ್ಣ ಕಂಡ್ರೆ ನಂಗೆ ನಿಂತ್ಕಬೇಕು ಅನ್ಸುತ್ತೆ."
ಕೂಗಾಡಿದೆ. ಎಷ್ಟು ವರ್ಷದ ಮಾತು, ಇನ್ನೂ ಹೆದರುತ್ತೀಯಲ್ಲ ಅಂದೆ. ಊಟ ಬಿಟ್ಟೆ. ಅವಳು ಉಂಡಳು.

ಏಪ್ರಿಲ್ 2
ಕಂಪನಿಗೆ ಫೋನ್ ಮಾಡಿ ಜೇನು ಬಣ್ಣದ್ದು ಒಂದು ಬೆಂಚು ಮೊದಲು ಕಳಿಸಿ ಅಂದೆ. ಇಡೀ ಬೆಂಚು ಕಂಡರೆ ರುದ್ರಮ್ಮನ ಬಾಯಿ ಮುಚ್ಚುತ್ತದೆ.

ಏಪ್ರಿಲ್ 14
ಬೆಂಚು ನಿನ್ನೆಯೇ ಬಂದಿತ್ತು, ವಿಹಾರದ ಹೊಂಗೆ ಮರದ ಕೆಳಗೆ ಹಾಕಿಸಿದ್ದೆ. ಇವತ್ತು ಜಯಂತಿಯ ದಿನ, ಅಂಗಳ ತುಂಬ ಜನ. ಎಲ್ಲರೂ ಒಳ್ಳೆಯದಿದೆ ಅಂದರು. ಮಧು ಕಾಲ ಮೇಲೆ ಕಾಲು ಹಾಕಿ ಕೂತು ಫೋನಿನಲ್ಲಿ ಮಾತಾಡಿದ. ರುದ್ರಮ್ಮ ಮಾತ್ರ ಗೋಡೆ ಬಿಟ್ಟು ಬರಲಿಲ್ಲ.
ನೋಡು ಹೆಂಗೆ ಕೂರೋದು ಅಂತ ಅವಳಿಗೆ ಕೇಳಿಸುವ ಹಾಗೆ ಹೇಳಿ ನಡೆದೆ. ಬೆಂಚು ಇನ್ನೂ ಒಂದು ಮಾರು ದೂರ. ನೋಡುತ್ತೇನೆ, ಹೆಗಲ ಟವೆಲ್ ಕಂಕುಳಲ್ಲಿದೆ.
ಯಾವಾಗ ತೆಗೆದೆ? ಯಾರು ತೆಗಿ ಅಂದರು?
ರುದ್ರಮ್ಮ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮಧು "ಬನ್ನಿ ದೊಡ್ಡಪ್ಪ, ಕೂತ್ಕೊಳ್ಳಿ" ಅಂತ ಎದ್ದು ಜಾಗ ಬಿಟ್ಟ. ಮೈಕ್ ಯಾಕೋ ಸರಿಯಿಲ್ಲ ಅಂತ ಅವನಿಗೇ ಬೈದೆ. ಕೂರಲಿಲ್ಲ.

ಏಪ್ರಿಲ್ 16
ಕಂಪನಿಗೆ ಫೋನ್. ಬೇರೆ ಬಣ್ಣ ಅಂದೆ. ನೀವು ಹೇಳಿದ್ದನ್ನೇ ಕಳಿಸಿದ್ದು ಸರ್ ಅಂದಳು ಆ ಹುಡುಗಿ. ಹೌದಮ್ಮ, ನಿನ್ನದೇನೂ ತಪ್ಪಿಲ್ಲ ಅಂತ ರೇಗಿದೆ.
ಚೂರುಗಳನ್ನು ಮತ್ತೆ ರುದ್ರಮ್ಮನ ಮುಂದಿಟ್ಟೆ. ಬಿಳಚು ಚೂರಿನ ಮೇಲೆ ಟೀ ಲೋಟ ಇಟ್ಟಳು. ಅದಕ್ಕೆ ಬಣ್ಣವೇ ಇಲ್ಲವಲ್ಲೇ ಅಂದೆ.
"ಕೂರಾಕೆ ತಾನೆ?"
ಆ ಬಿಳಚಿನದೇ ಇಪ್ಪತ್ತೊಂಬತ್ತು ಬೆಂಚಿಗೆ ಸೈನ್ ಹಾಕಿದೆ. ಜೇನು ಬಣ್ಣದ್ದನ್ನೂ ವಾಪಸು ಕಳಿಸೋಣವಾ ಅಂತ ಮಧು ಕೇಳಿದ. ಬೇಡ, ಅಲ್ಲೇ ಇರಲಿ ಅಂದೆ.
ನಾಳೆ ಬೆಳಿಗ್ಗೆ, ಯಾರೂ ಬರುವ ಮುಂಚೆ ಹೋಗಿ, ಟವೆಲ್ ಹೆಗಲ ಮೇಲೇ ಇಟ್ಟುಕೊಂಡು...